ಎರಡು ಬೆರಳಗಲದ ಕೆಂಪು ಬಟ್ಟೆ

ಹೋದ ತಿಂಗಳು ನಮ್ಮ ಬೇಟೆ ಕ್ಲಬ್ಬಿನವರು ಗೋಡೆಗೆ ಒಂದು ಹಿತ್ತಾಳೆ ಫಲಕ ಹಾಕಿದರು. "ಎಸ್ಟಸ್ ಮ್ಯಾಬ್ರಿ. ತಾನು ಬರೆದ ನಿಯಮಕ್ಕೆ ತಾನೇ ಬೆನ್ನು ಕೊಟ್ಟ ಗಂಡು" ಎಂದು ದೊಡ್ಡಕ್ಷರದಲ್ಲಿದೆ. ಅದರ ಕೆಳಗೆ, ೧೯೭೪ರಲ್ಲಿ ಮೊಮ್ಮಗ ಬೇಟೆಯಲ್ಲಿ ಎಡವಿದ ದಿನ ಅಜ್ಜ ತೋರಿದ ದೊಡ್ಡತನದ ನಾಲ್ಕು ಸಾಲು. ಮೊಮ್ಮಗನ ಹೆಸರಿಲ್ಲ. ಮಗನ ಹೆಸರೂ ಇಲ್ಲ. ಕಾಗದದ ಮೇಲಿನ ಸುಳ್ಳನ್ನು ಇಲಿಯಾದರೂ ತಿನ್ನುತ್ತದೆ, ಹಿತ್ತಾಳೆಯ ಸುಳ್ಳು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆದ್ದರಿಂದ ಆ ಮಗ ಯಾರು, ಅವತ್ತು ನಡೆದದ್ದೇನು ಎಂದು ನೋಡಿದವರಲ್ಲೊಬ್ಬನಾಗಿ ಬರೆದಿಡುತ್ತಿದ್ದೇನೆ.

ಮಗನ ಹೆಸರು ಆರ್ಲಿಸ್ ಮ್ಯಾಬ್ರಿ. ಈಗ ಎಂಬತ್ತೆರಡು. ಮಿಸಿಸಿಪಿಯ ಈ ಗುಡ್ಡಗಾಡಿನ ಕೌಂಟಿಯಲ್ಲಿ ಒಂದು ಕಾಲಕ್ಕೆ ಇದ್ದ ಶರ್ಟ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬಟ್ಟೆ ಕತ್ತರಿಸಿದವನು. ಕಾರ್ಖಾನೆಯ ತುಂಬ ಹೊಲಿಯುವ ಮುನ್ನೂರು ಹೆಂಗಸರು, ಕತ್ತರಿಸುವ ಮೇಜಿನ ಸುತ್ತ ಐದು ಜನ ಗಂಡಸರು. ಆ ಐವರಲ್ಲಿ ಚೌಕುಳಿ ಬಟ್ಟೆಯನ್ನು ಆರ್ಲಿಸ್ ಬಿಟ್ಟು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಚೌಕುಳಿ ಎಂದರೆ ಗೆರೆಗೆ ಗೆರೆ ಕೂಡಬೇಕು. ಜೇಬಿನ ಗೆರೆ ಎದೆಯ ಗೆರೆಯಲ್ಲಿ ಕರಗಬೇಕು, ತೋಳಿನದು ಹೆಗಲಿನದರ ಜೊತೆ ಓಡಬೇಕು. ಅರವತ್ತು ಪದರ ಹಾಸಿ ಒಂದೇ ಸಲ ಕತ್ತರಿಸುವಾಗ ಕಟ್ಟಕಡೆಯ ಪದರದಲ್ಲೂ ಕೂದಲೆಳೆ ಸರಿದಿರಬಾರದು. "ಮೇಲಿನ ಪದರ ಎಲ್ಲರಿಗೂ ಕಾಣುತ್ತೆ," ಎಂದು ಅವನು ಹೊಸಬರಿಗೆ ಹೇಳುತ್ತಿದ್ದ. "ಕೆಳಗಡೆ ಏನಿದೆ ಅಂತ ನೋಡಿದವನು ಕತ್ತರಿ ಹಿಡೀಬಹುದು."

ಇಂಥ ಕೆಲಸಗಾರನಿಗೆ ಊರ ಗಂಡಸರು ಇಟ್ಟ ಹೆಸರು 'ಚುಂಗು'.

ಅದರ ಕಥೆ ೧೯೫೫ರದು. ಎಸ್ಟಸ್ ಮ್ಯಾಬ್ರಿಯ ಬೇಟೆ ಬಿಡಾರ ತೊರೆಯಂಚಿನಲ್ಲಿತ್ತು, ಈಗಲೂ ಇದೆ. ಎಸ್ಟಸ್ ಆರಡಿ ಮೂರಂಗುಲದ ಆಳು, ಮರದ ಮಿಲ್ಲಿನ ಮೇಸ್ತ್ರಿ, ಮನೆಯ ಗೋಡೆ ತುಂಬ ಜಿಂಕೆಯ ಕೊಂಬು. ಬಿಡಾರದ ನಿಯಮಗಳನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದವನು ಅವನೇ. ಕಹಳೆ ಊದುವವರೆಗೆ ಯಾರೂ ತಮ್ಮ ಜಾಗ ಬಿಟ್ಟು ಕದಲಬಾರದು. ಗುರಿ ತಪ್ಪಿದವನು, ಕೊಂಬಿನ ಜಿಂಕೆಯನ್ನು ಸುಮ್ಮನೆ ದಾಟಲು ಬಿಟ್ಟವನು, ಜಾಗ ಬಿಟ್ಟು ಹೋದವನು, ಈ ಮೂವರ ಅಂಗಿಯ ಹಿಂಚುಂಗನ್ನು, ಎಂದರೆ ಬೆನ್ನ ಕೆಳಗೆ ಇಳಿಬಿದ್ದ ಅಂಚನ್ನು, ಎಲ್ಲರ ಎದುರಿಗೆ ಕತ್ತರಿಸಿ, ಹೆಸರು ತಾರೀಖು ಬರೆದು ಗೋಡೆಗೆ ಮೊಳೆ ಹೊಡೆಯುವುದು. ಮುಂದೆ ಅವನು ಕೊಂಬಿನ ಜಿಂಕೆ ಹೊಡೆದ ದಿನ ಅದನ್ನು ಕಿತ್ತು ಒಲೆಗೆ ಹಾಕಬಹುದು. ಅಲ್ಲಿಯವರೆಗೆ ಅವನು ಗಂಡಸಲ್ಲ. ಹಲಗೆಯ ಮೇಲೆ ಹಾಗೆ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಹನ್ನೆರಡು ವರ್ಷದ ಆರ್ಲಿಸ್ ಗುರಿ ತಪ್ಪಿದ. ಅಪ್ಪ ಅವನನ್ನು ಮೇಜಿನ ಮೇಲೆ ನಿಲ್ಲಿಸಿ, ಜಿಂಕೆಯ ಚರ್ಮ ಸುಲಿಯುವ ಚಾಕುವಿನಿಂದ ಚುಂಗನ್ನು ಕೊಯ್ದ. ಅದು ಇಗರ್ಜಿಗೆ ಹೋಗುವ ಅಂಗಿ. ತಾಯಿ ಓಲೀಟಾ ಹೊಲಿದದ್ದು. ಚಾಕು ಹರಿದ ದಾರಿ ಹಲ್ಲು ಹಲ್ಲಾಗಿ ಸೊಂಟದವರೆಗೂ ಬಂತು. ಮನೆಗೆ ಬಂದಾಗ ಓಲೀಟಾ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, "ಕತ್ತರಿಸೋದೇ ಆಗಿದ್ರೆ ನೇರವಾಗಿಯಾದ್ರೂ ಕತ್ತರಿಸಬಾರದಿತ್ತಾ? ಇದಕ್ಕೆ ತೇಪೆ ಎಲ್ಲಿಂದ ಕೂರಿಸ್ಲಿ?" ಎಂದಳು. ಆರ್ಲಿಸ್ ಮತ್ತೆ ಬಿಡಾರಕ್ಕೆ ಹೋಗಲಿಲ್ಲ. ಅವನ ಚುಂಗು ಗೋಡೆಯ ಮೇಲೆ ಉಳಿಯಿತು, ಹೆಸರು ಬೆನ್ನಿಗೆ ಅಂಟಿತು.

ಆಮೇಲೆ ೧೯೫೯ರಲ್ಲಿ ಊರ ಟಾಕೀಸಿಗೆ ಒಂದು ಚಿತ್ರ ಬಂತು. ಮರದ ವ್ಯಾಪಾರದ ಒಬ್ಬ ಭಾರೀ ಅಪ್ಪ, ಅವನ ನೆರಳಲ್ಲಿ ಬಾಡುವ ಇಬ್ಬರು ಗಂಡುಮಕ್ಕಳು. ಅಪ್ಪ ಮೇಜಿಗೆ ಗುದ್ದಿ, "ನನ್ನ ಮನೇಲಿ ಗಂಡಸು ಒಬ್ಬನೇ" ಎಂದಾಗ ನಮ್ಮ ಟಾಕೀಸಿನಲ್ಲಿ ಚಪ್ಪಾಳೆ. ಬೇರೆ ಬಾಗಿಲಿನಿಂದ ಹತ್ತಿಸಿ ಬಾಲ್ಕನಿಯಲ್ಲಿ ಕೂರಿಸಿದ್ದ ಕಪ್ಪು ಜನ ಮಾತ್ರ ತಟ್ಟಲಿಲ್ಲ. ಅವರಿಗೆ ಚಿತ್ರ ಅರ್ಥವಾಗಿತ್ತು. ಕೊನೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮನೆ ಬಿಟ್ಟು, ಹೆಂಡತಿ ತೀರಿಹೋಗಿ, ನಾಲ್ಕು ತಟ್ಟೆ ಇಟ್ಟ ಮೇಜಿನಲ್ಲಿ ಅಪ್ಪ ಒಬ್ಬನೇ ಕೂತು ಉಣ್ಣುತ್ತಾನೆ. ಹುಟ್ಟಿದ ಕೂಸಿಗೂ ಗೊತ್ತಾಗಬೇಕು ಅದು ಶಿಕ್ಷೆ ಎಂದು.

ನಮ್ಮವರಿಗೆ ಗೊತ್ತಾಗಲಿಲ್ಲ. ಹೊರಗೆ ಬಂದ ಮೇಲೆ ಪೆಟ್ರೋಲ್ ಬಂಕಿನ ಹೂಟ್ ಬ್ಯಾಸ್ಕಿನ್, "ಎಸ್ಟಸ್ಸಣ್ಣ, ನಿನ್ನ ಕೇಳ್ದೇನೇ ನಿನ್ನ ಕಥೆ ತೆಗೆದ್ಬಿಟ್ಟವ್ರಲ್ಲೋ" ಎಂದ. ಎಸ್ಟಸ್ ಉಬ್ಬಿಹೋದ. ನಾಲ್ಕು ಸಲ ನೋಡಿದ. ನಾಲ್ಕನೆಯ ಸಲ ಹದಿನಾರರ ಆರ್ಲಿಸನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೊನೆಯ ದೃಶ್ಯಕ್ಕೆ ಅವನ ಪಕ್ಕೆಗೆ ತಿವಿದು, "ನೋಡ್ದಾ? ಯಾರು ಹೋದ್ರೂ ಅನ್ನ ಬಿಡಲಿಲ್ಲ ಆತ. ತಟ್ಟೆ ಖಾಲಿ ಮಾಡ್ದ. ಅದು ಗಂಡಸ್ತನ" ಎಂದ.

"ಅವತ್ತು ನಂಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ," ಎಂದು ಆರ್ಲಿಸ್ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ. "ಕಣ್ಣೆದುರಿಗಿದ್ದದ್ದು ಕಾಣ್ದೇ ಇರೋ ಅಷ್ಟು ದೊಡ್ಡ ಮನುಷ್ಯನ್ನ ನೋಡಿ ಭಯ ಆಯ್ತು."

ಎರಡು ವರ್ಷಕ್ಕೆ ಅವನು ಕಾರ್ಖಾನೆ ಸೇರಿದ. ಹೂಟ್ ಬಂಕಿನಲ್ಲಿ ಹಬ್ಬ ಮಾಡಿದ: "ಚುಂಗು ಕಳ್ಕೊಂಡವನು ಈಗ ಊರಿಗೆಲ್ಲ ಚುಂಗು ಹಂಚ್ತಾನಂತೆ." ನಾನೂ ನಕ್ಕವನೇ. ಒಂದು ಮಾತು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ. ನವೆಂಬರಿನಲ್ಲಿ ಕೆಲಸಕ್ಕೆ ಚಕ್ಕರ್ ಹೊಡೆದು ಕಾಡಿಗೆ ಹೋಗುತ್ತಿದ್ದ ಈ ಗಂಡುಗಲಿಗಳ ತೋಟಾ, ನಾಯಿಗಳ ಕೂಳು, ಟ್ರಕ್ಕಿನ ಪೆಟ್ರೋಲು, ಎಲ್ಲ ಬರುತ್ತಿದ್ದದ್ದು ಕಾಲರ್ ಹೊಲಿದು ಬೆರಳು ತೂತಾಗಿಸಿಕೊಂಡ ಹೆಂಡಂದಿರ ವಾರದ ಸಂಬಳದಿಂದ. ಈ ಕೌಂಟಿಯ ಗಂಡಸುತನವನ್ನು ಸಾಕಿದವರು ಹೆಂಗಸರು. ಅವರಿಗೆ ಯಾವ ಫಲಕವೂ ಇಲ್ಲ.

ಆರ್ಲಿಸ್ ಅಲ್ಲೇ ಹೊಲಿಯುತ್ತಿದ್ದ ವರ್ನೆಲ್‌ಳನ್ನು ಮದುವೆಯಾದ. ೧೯೬೨ರಲ್ಲಿ ಮಗ ಹುಟ್ಟಿದ, ಲೇನ್. ಹುಡುಗನಿಗೆ ಹನ್ನೆರಡು ತುಂಬಿದ ವರ್ಷ, ಅಕ್ಟೋಬರಿನ ಒಂದು ಭಾನುವಾರ, ಎಸ್ಟಸ್ ಮಗನ ಮನೆಗೆ ಬಂದು ನಿಂತುಕೊಂಡೇ ಹೇಳಿದ:

"ಹುಡುಗನ್ನ ನವೆಂಬರಿಗೆ ಬಿಡಾರಕ್ಕೆ ಕಳಿಸು."

"ಅವನನ್ನೇ ಕೇಳಿ," ಎಂದ ಆರ್ಲಿಸ್.

"ಹುಡುಗನ್ನೇನು ಕೇಳೋದು? ನಿನ್ನ ಕೇಳಿದ್ನಾ ನಾನು?"

"ಇಲ್ಲ. ಅದಕ್ಕೇ ಹೇಳ್ತಿರೋದು, ಅವನನ್ನ ಕೇಳಿ ಅಂತ."

ಅಡುಗೆಮನೆಯಿಂದ ಬಿಸ್ಕಿಟ್ಟೆನ್ನುವ ಮೆತ್ತನೆ ಬನ್ನೂ ಗ್ರೇವಿಯೂ ತುಂಬಿದ ಬಾಯಲ್ಲೇ ಲೇನ್ ಕೂಗಿದ: "ನಾನು ಹೋಗ್ತೀನಪ್ಪ. ನಂಗೆ ಹೋಗ್ಬೇಕು."

ಊರೆಲ್ಲ ಆರ್ಲಿಸ್ ತಡೆಯುತ್ತಾನೆ ಎಂದುಕೊಂಡಿತ್ತು. ಅವನು ತಡೆಯಲಿಲ್ಲ. ಮಗನನ್ನು ಮನೆಯ ಹಿಂದೆ ಕರೆದುಕೊಂಡು ಹೋಗಿ ಒಂದೇ ಪಾಠ ಹೇಳಿದ: "ಕೋವಿನೂ ಕತ್ತರಿ ಥರಾನೇ. ಹಾಕಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಜಿಂಕೆ ಅನ್ನೋದು ಮೇಲಿನ ಪದರ. ಅದರ ಹಿಂದೆ ಏನಿದೆ ಅಂತ ಕಾಣಿಸ್ದೇ ಇದ್ರೆ ಬೆರಳು ಆಡಿಸ್ಬೇಡ. ಯಾರು ಏನೇ ಅಂದ್ರೂ."

"ತಾತ ಅಂದ್ರೆ?"

"ತಾತ ಅಂದ್ರೂ."

ಬೇಟೆಯ ದಿನ ಆರ್ಲಿಸನೂ ಹೊರಟ. ಹತ್ತೊಂಬತ್ತು ವರ್ಷದ ಮೇಲೆ, ಬರಿಗೈಯಲ್ಲಿ. ಹೂಟ್ ಟ್ರಕ್ಕಿನ ಹಿಂಬದಿಯಿಂದ, "ಏನ್ ಚುಂಗು, ಕೋವಿ ತರಲಿಲ್ವಾ? ಜಿಂಕೆಗೆ ಅಳತೆ ತಗೋತೀಯಾ?" ಎಂದ. "ನಿನ್ನ ಹೊಟ್ಟೆಗೆ ತಗೊಂಡ್ಮೇಲೆ ಟೇಪು ಹಿಗ್ಗಿಹೋಗಿದೆ ಹೂಟಣ್ಣ," ಎಂದ ಆರ್ಲಿಸ್. ಎಲ್ಲರೂ ನಕ್ಕರು, ಹೂಟ್‌ನೂ ನಕ್ಕ. ಎಸ್ಟಸ್ ನಗಲಿಲ್ಲ. ಅವನು ಅವತ್ತು ಕೆಂಪು ಕಪ್ಪು ಚೌಕುಳಿಯ ದಪ್ಪ ಅಂಗಿ ತೊಟ್ಟಿದ್ದ. ಹಿಂದಿನ ಕ್ರಿಸ್ಮಸ್ಸಿಗೆ ಸೊಸೆ ವರ್ನೆಲ್ ಹೊಲಿದುಕೊಟ್ಟದ್ದು. ಆ ಬಟ್ಟೆ ಮಾದರಿಗೆಂದು ಕಾರ್ಖಾನೆಗೆ ಬಂದ ಒಂದೇ ತುಂಡು, ಕಪ್ಪು ಗೆರೆಯ ಮಗ್ಗುಲಲ್ಲಿ ಸಣ್ಣದೊಂದು ಹಳದಿ ಎಳೆ. ಕತ್ತರಿಸಿದವನು ಆರ್ಲಿಸ್. ಅಂಥ ಅಂಗಿ ಜಗತ್ತಿನಲ್ಲಿ ಒಂದೇ ಇತ್ತು.

ನಮ್ಮ ಕಡೆ ನಾಯಿಗಳು ಜಿಂಕೆ ಎಬ್ಬಿಸುತ್ತವೆ, ಗಂಡಸರು ಕಾಡಿನಂಚಿಗೆ ತಮತಮಗೆ ಗೊತ್ತುಮಾಡಿದ ಜಾಗದಲ್ಲಿ ಕಾದು ನಿಲ್ಲುತ್ತಾರೆ. ಪಕ್ಕದವನು ಎಲ್ಲಿದ್ದಾನೆಂದು ಗೊತ್ತಿದ್ದರೇ ಗುಂಡು ಹಾರಿಸಲು ಧೈರ್ಯ. ಕಹಳೆ ಊದುವವರೆಗೆ ಕದಲಬಾರದೆನ್ನುವುದು ಈ ಕಾರಣಕ್ಕೆ. ಲೇನ್‌ನನ್ನು ಒಂದು ಓಕ್ ಮರದಡಿ ಒಬ್ಬನನ್ನೇ ನಿಲ್ಲಿಸಿದರು. ಆರ್ಲಿಸ್ ಇನ್ನೂರು ಗಜ ಈಚೆ, ದಾರಿಯಲ್ಲಿ. ಎಸ್ಟಸ್‌ನ ಜಾಗ ತೊರೆಯಾಚೆ, ತೀರ ದೂರ.

ಹತ್ತು ಗಂಟೆಯ ಸುಮಾರಿಗೆ ನಾಯಿಗಳ ಬೊಗಳಿಕೆ ಓಕ್ ಮರದ ಕಡೆ ತಿರುಗಿತು. ಎಲ್ಲರೂ ಗುಂಡಿನ ಸದ್ದಿಗೆ ಕಿವಿಗೊಟ್ಟು ನಿಂತೆವು. ಸದ್ದು ಬರಲಿಲ್ಲ. ಹತ್ತು ಕವಲಿನ ಕೊಂಬಿನ ಜಿಂಕೆ ಹುಡುಗನ ಮುಂದೆಯೇ ಹಾದು, ಬಯಲು ದಾಟಿ ಹೋದದ್ದನ್ನು ಹೂಟ್ ದೂರದಿಂದ ಕಣ್ಣಾರೆ ಕಂಡ.

ಕಹಳೆ ಊದಿದ ಕೂಡಲೇ ಮೊದಲು ಮಗನನ್ನು ಮುಟ್ಟಿದವನು ಆರ್ಲಿಸ್. ಹುಡುಗನ ಮುಖ ಸುಣ್ಣವಾಗಿತ್ತು.

"ಅಪ್ಪ, ಕೊಂಬು ಕಂಡಿತ್ತು. ಗುರಿನೂ ಇಟ್ಟಿದ್ದೆ. ಅದರ ಹಿಂದೆ ಪೊದೆಯಲ್ಲಿ ಏನೋ ಕೆಂಪಗೆ ಅಲ್ಲಾಡ್ತು. ಎಲೆ ಇರಬಹುದು. ನಂಗೊತ್ತಿಲ್ಲ. ನಂಗೊತ್ತಾಗ್ಲಿಲ್ಲ ಅಂತ ಹೊಡೀಲಿಲ್ಲ."

ಆರ್ಲಿಸ್ ಹುಡುಗ ತೋರಿಸಿದ ನೇರಕ್ಕೆ ನಲವತ್ತು ಹೆಜ್ಜೆ ಎಣಿಸಿ ನಡೆದ. ಮುಳ್ಳುಬಳ್ಳಿಯ ಪೊದೆ. ಒಂದು ಮುಳ್ಳಿಗೆ ಎರಡು ಬೆರಳಗಲದ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಕೆಂಪು, ಕಪ್ಪು ಗೆರೆ, ಮಗ್ಗುಲಲ್ಲಿ ಹಳದಿ ಎಳೆ. ಅದನ್ನು ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡ. ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬಿಡಾರದಲ್ಲಿ ಹದಿನೇಳು ಜನ. ಅಳಿಲಿನ ಸಾರು, ಕಾರ್ನ್‌ಬ್ರೆಡ್, ಕಪ್ಪು ಕಾಫಿ. ಊಟ ಮುಗಿದ ಮೇಲೆ ಪಂಚಾಯಿತಿ, ಅದು ರೂಢಿ. ಎಸ್ಟಸ್ ತೋಳು ಮಡಚಿಕೊಂಡು ಬೆಂಚಿನ ತಲೆಯಲ್ಲಿ ಕೂತ.

"ನಿಂತ್ಕೋ ಮಗಾ. ಹತ್ತು ಕವಲಿನದು ಮೂಗಿನ ಮುಂದೆ ಹೋಯ್ತು. ಕೈ ನಡುಗ್ತಾ?"

"ಇಲ್ಲ ತಾತ."

"ಮತ್ತೆ?"

"ಹಿಂದೆ ಏನೋ ಇತ್ತು."

"ಏನೋ," ಎಂದ ಎಸ್ಟಸ್ ಸುತ್ತ ನೋಡಿ. "ನಿಮ್ಮಪ್ಪನಿಗೂ ಅವತ್ತು 'ಏನೋ' ಆಗಿತ್ತು."

ಬಿಡಾರ ನಕ್ಕಿತು. ಹೂಟ್ ಎದ್ದು ಗೋಡೆಯ ಕತ್ತರಿ ತೆಗೆದು ಆರ್ಲಿಸ್‌ನ ಮುಂದೆ ಮೇಜಿನ ಮೇಲೆ ತಳ್ಳಿದ. "ಊರಿಗೊಬ್ಬ ಕಟಿಂಗ್ ಮಾಸ್ಟರು ಇಲ್ಲೇ ಇರುವಾಗ ನಾವ್ಯಾಕೆ ಕೈ ಹಚ್ಚೋದು? ಮಗನ ಚುಂಗು ಅಪ್ಪನೇ ಕತ್ತರಿಸ್ಲಿ. ಜೋಡಿ ಆಗುತ್ತೆ."

ಲೇನ್ ಆಗಲೇ ಅಂಗಿ ಹೊರಗೆಳೆದಿದ್ದ. ತುಟಿ ಕಚ್ಚಿಕೊಂಡಿದ್ದ, ಆದರೆ ತಲೆ ತಗ್ಗಿಸಿರಲಿಲ್ಲ. ಆರ್ಲಿಸ್ ಕತ್ತರಿ ಮುಟ್ಟದೆ ಅಪ್ಪನ ಕಡೆ ತಿರುಗಿದ.

"ಅಪ್ಪ, ಒಂದು ಮಾತು. ಕಹಳೆ ಊದೋವರೆಗೂ ನೀವು ನಿಮ್ಮ ಜಾಗದಲ್ಲೇ ಇದ್ರಾ?"

"ಈ ಹಲಗೆ ಬರ್ದವನು ಯಾರು?"

"ನೀವೇ. ಅದಕ್ಕೇ ಕೇಳ್ದೆ. ಇದ್ರಾ?"

"ಮೂವತ್ತು ವರ್ಷದಿಂದ ಇದ್ದೀನಿ."

"ಇವತ್ತು ಬೆಳಿಗ್ಗೆ, ಅಪ್ಪ?"

ಎಸ್ಟಸ್ ಕತ್ತರಿಯ ಕಡೆ ಗದ್ದ ಚಾಚಿದ. "ಕತ್ತರಿಸ್ತೀಯೋ ಇಲ್ವೋ?" ಎಂದ.

ನಿಜ ಹೇಳಲಿ ಎಂದು ಆರ್ಲಿಸ್ ಮೂರು ಸಲ ಬಾಗಿಲು ತೆರೆದು ಹಿಡಿದಿದ್ದ, ಮೂರು ಸಲವೂ ಅಪ್ಪ ಅದನ್ನು ಮುಚ್ಚಿದ. ಮಗನ ಅಂಗಿಯನ್ನು ಗೋಡೆಗೇರಿಸಿದರೆ ಅಪ್ಪನ ಮಾನ ಉಳಿಯುತ್ತದೆ, ಹುಡುಗ ಮುಂದೆಂದೂ ತನ್ನ ಕಣ್ಣನ್ನು ತಾನು ನಂಬುವುದಿಲ್ಲ. ಹಾಗೆ ನಂಬಿಕೆ ಕಳೆದುಕೊಂಡವನ ಬಾಳು ಹೇಗಿರುತ್ತದೆಂದು ಆರ್ಲಿಸ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ಎದ್ದು, ಬೆಂಚಿನ ಸುತ್ತ ಬಂದು, ಅಪ್ಪನ ಬಲಗೈ ಹಿಡಿದು ಮೇಜಿನ ಮೇಲೆ ಚಾಚಿದ. ಮೊಣಕೈ ಹಿಂಬದಿಯಲ್ಲಿ ಅಂಗಿ ಹರಿದಿತ್ತು. ಜೇಬಿನಿಂದ ಚೂರು ತೆಗೆದ. ಹರಿದ ಜಾಗದಲ್ಲಿಟ್ಟು, ಹೆಬ್ಬೆರಳಿನಿಂದ ಎರಡು ಸಲ ಸವರಿ, ಕೈ ತೆಗೆದ.

ಕಪ್ಪು ಗೆರೆ ಕಪ್ಪಿಗೆ ಕೂಡಿತು. ಹಳದಿ ಎಳೆ ಹಳದಿಗೆ ಕೂಡಿತು. ಹರಿದದ್ದೇ ಕಾಣಲಿಲ್ಲ.

"ಓಕ್ ಮರದಿಂದ ನಲವತ್ತು ಹೆಜ್ಜೆ," ಎಂದ ಆರ್ಲಿಸ್. "ಜಿಂಕೆಯ ನೇರ ಹಿಂದೆ. ಹುಡುಗ ಬೆರಳು ಆಡಿಸಿದ್ರೆ ಜಿಂಕೆಗೆ ತಾಗದೆ ಮಿಕ್ಕ ಚರೆಗುಂಡೆಲ್ಲ ಎಲ್ಲಿಗೆ ಬರ್ತಿತ್ತು ಅಂತ ನೀವೇ ಲೆಕ್ಕ ಹಾಕಿ."

ಎಸ್ಟಸ್ ತನ್ನ ತೋಳನ್ನೇ ನೋಡುತ್ತಿದ್ದ. "ಅವನು ಮೊದಲನೇದು ಹೊಡೆಯೋದನ್ನ ನೋಡ್ಬೇಕು ಅನ್ನಿಸ್ತು. ಹತ್ತಿರದಿಂದ" ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆ ಎದ್ದ. ಚುಂಗು ಹೊರಗೆಳೆದು, ಮಗನಿಗೆ ಬೆನ್ನು ಹಾಕಿ ನಿಂತ.

"ಕತ್ತರಿಸು."

ಆರ್ಲಿಸ್ ಕತ್ತರಿಸಿದ. ಚೌಕುಳಿಯ ಕಪ್ಪು ಗೆರೆ ಹಿಡಿದು, ಈ ಬದಿಯಿಂದ ಆ ಬದಿಗೆ, ಒಂದು ಎಳೆ ಆಚೀಚೆ ಆಗದಂತೆ. ಗೋಡೆಯಲ್ಲಿ ೧೯೫೫ರ ಹಲ್ಲುಹಲ್ಲಿನ ಚುಂಗಿನ ಮಗ್ಗುಲಲ್ಲೇ ಅದಕ್ಕೆ ಮೊಳೆ ಹೊಡೆದ. ಲೇನ್ ಹಳೆಯದನ್ನು ತೋರಿಸಿ, "ಇದನ್ನ ಕಿತ್ತು ಹಾಕ್ಲಾ ಅಪ್ಪ?" ಎಂದ.

"ಬೇಡ. ಪಕ್ಕಪಕ್ಕ ಇರ್ಲಿ. ನೋಡಿದವರಿಗೆ ಕತ್ತರಿಸೋದು ಹೇಗೆ ಅಂತ ಗೊತ್ತಾಗುತ್ತೆ."

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಊರನ್ನು ಕ್ಷಮಿಸಬಹುದಿತ್ತು. ವಾರ ಕಳೆಯುವಷ್ಟರಲ್ಲಿ ಹೂಟ್‌ನ ಬಂಕಿನಲ್ಲಿ ಕಥೆ ಬೇರೆಯೇ ಬಟ್ಟೆ ತೊಟ್ಟಿತ್ತು. "ಏನ್ ಗಂಡಸು ಅಂತೀಯಾ. ಒಂದು ಮಾತಾಡ್ದೆ ಬೆನ್ನು ಕೊಟ್ಟ." ಜಾಗ ಬಿಟ್ಟದ್ದು ಮಾಯ, ಸುಳ್ಳು ಹೇಳಿದ್ದು ಮಾಯ, ಪೊದೆಯಲ್ಲಿ ಸಾಯಬೇಕಾಗಿದ್ದದ್ದು ಮಾಯ. ಹನ್ನೆರಡು ವರ್ಷದ ಹುಡುಗನೊಬ್ಬ ಹದಿನೇಳು ಜನರ ನಗು ಎದುರಿಗಿದೆಯೆಂದು ಗೊತ್ತಿದ್ದೂ ಗುಂಡು ಹಾರಿಸದೆ ಬೆರಳು ತಡೆದದ್ದು ಯಾರ ಬಾಯಲ್ಲೂ ಬರಲಿಲ್ಲ. ಟಾಕೀಸಿನಲ್ಲಿ ಚಪ್ಪಾಳೆ ತಟ್ಟಿದ ಅದೇ ಕೈಗಳು, ಅದೇ ಕುರುಡು. ತಟ್ಟೆ ಖಾಲಿ ಮಾಡಿದ್ದಷ್ಟೇ ಇವರಿಗೆ ಕಂಡದ್ದು.

ಎಸ್ಟಸ್ ಆಮೇಲೆ ಹನ್ನೆರಡು ವರ್ಷ ಬದುಕಿದ. ಹೊಗಳಿಕೆಯನ್ನು ಬೇಡ ಅನ್ನಲಿಲ್ಲ. ಆದರೆ ಪ್ರತಿ ಭಾನುವಾರ ಮಗನ ಮನೆಗೆ ಊಟಕ್ಕೆ ಬರತೊಡಗಿದ, ಬಂದರೆ ಕೂತುಕೊಳ್ಳುತ್ತಿದ್ದ. ಲೇನ್‌ಗೆ ಏನನ್ನಾದರೂ ಹೇಳುವ ಮುನ್ನ, "ನಿಂಗೇನನ್ಸುತ್ತೆ?" ಎಂದು ಕೇಳುತ್ತಿದ್ದ. ವರ್ನೆಲ್ ಇದನ್ನು ನನಗೆ ಹೇಳಿದ್ದಾಳೆ. ಫಲಕ ಹಾಕುವುದಿದ್ದರೆ ಇದಕ್ಕೆ ಹಾಕಬಹುದಿತ್ತು.

ಹೋದ ತಿಂಗಳ ಸಮಾರಂಭದಲ್ಲಿ ಕ್ಲಬ್ಬಿನ ಈಗಿನ ಅಧ್ಯಕ್ಷ, ಹೂಟ್‌ನ ಮಗ, ಭಾಷಣ ಮಾಡಿದ. ಕರಿದ ಕ್ಯಾಟ್‌ಫಿಶ್ ಆರುತ್ತಿತ್ತು. ಕೊನೆಗೆ, "ಹಿರಿಯರ ಮಗ ಆರ್ಲಿಸಣ್ಣ ಇಲ್ಲೇ ಇದ್ದಾರೆ, ಎರಡು ಮಾತು" ಎಂದ. ಆರ್ಲಿಸ್ ಕೋಲೂರಿಕೊಂಡು ಎದ್ದ. ಪಕ್ಕದಲ್ಲಿ ಲೇನ್, ಅರವತ್ಮೂರು ವರ್ಷದ ಶಾಲಾ ಬಸ್ಸಿನ ಡ್ರೈವರ್, ಏಳಲು ಕೈ ಕೊಟ್ಟ.

ಆರ್ಲಿಸ್ ಫಲಕವನ್ನು ಪೂರ್ತಿ ಓದಿದ. ಕನ್ನಡಕ ತೆಗೆದ. ಪರ್ಸಿನಿಂದ ಎರಡು ಬೆರಳಗಲದ ಒಂದು ಚೂರು ಹೊರತೆಗೆದು, ಹಿತ್ತಾಳೆಯ ಕೆಳಗಿನ ಮೇಜಿನ ಮೇಲಿಟ್ಟು, ಹೆಬ್ಬೆರಳಿನಿಂದ ಸವರಿದ. ಕೆಂಪು ಮಾಸಿತ್ತು. ಹಳದಿ ಎಳೆ ಇನ್ನೂ ಇತ್ತು.

"ನಮ್ಮಪ್ಪ ಎಪ್ಪತ್ತೊಂಬತ್ತಕ್ಕೆ ಹಾಸಿಗೆಯಲ್ಲಿ ನಿದ್ದೆ ಮಾಡ್ತಾ ಹೋದರು," ಎಂದ. "ಅರವತ್ತೇಳಕ್ಕೆ ಮುಳ್ಳುಪೊದೆಯಲ್ಲಿ ಹೋಗಬೇಕಾಗಿತ್ತು. ನಡುವಿನ ಹನ್ನೆರಡು ವರ್ಷ ಈ ಹುಡುಗ ಕೊಟ್ಟದ್ದು. ಇವನ ಹೆಸರು ಲೇನ್. ಎಲ್ಲಿ ಕೆತ್ತಬೇಕು ಅಂತ ಕೇಳಿದ್ರೆ, ಅಕ್ಷರದ ಅಳತೆ ನಾನು ಹಾಕಿಕೊಡ್ತೀನಿ."

ಕೂತು, ಮೀನಿನ ತಟ್ಟೆಯನ್ನು ಮಗನ ಕಡೆ ಸರಿಸಿದ. ಇಬ್ಬರೂ ತಿನ್ನತೊಡಗಿದರು.